ತವರಿಗೆ ಬರುವ ಮೀನು, ಗಾಳ ಹಿಡಿದ ಹೆಂಗಸರು

ಹೊಳೆಗಿಳಿದು ಮೀನು ಹಿಡಿಯೋದು ಹೆಂಗಸರ ಕೆಲಸವೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಸ್ಕಾಟ್ಲೆಂಡಿನ ಟೇ ನದಿಯಲ್ಲಿ 1922ರಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ ಹಿಡಿದ ಸಾಲ್ಮನ್ ಮೀನು 64 ಪೌಂಡು, ಅಂದರೆ ಸುಮಾರು 29 ಕಿಲೋ ತೂಗಿತು! ಬ್ರಿಟನ್ನಿನಲ್ಲಿ ಆ ದಾಖಲೆ ಇಂದಿಗೂ ಮುರಿದಿಲ್ಲ. 1924ರಲ್ಲಿ ಡೆವರಾನ್ ನದಿಯಲ್ಲಿ ಕ್ಲೆಮೆಂಟಿನಾ ಮಾರಿಸನ್ 61 ಪೌಂಡಿನ ಮೀನು ಹಿಡಿದರು. ಅದೂ ಎರೆ ಸಿಕ್ಕಿಸದೆ, ಗರಿ ಕಟ್ಟಿದ ಪುಟ್ಟ ಗಾಳದಿಂದ.

ಈ ಗರಿಗಾಳಕ್ಕೆ ‘ಫ್ಲೈ’ ಎಂದು ಹೆಸರು. ಬಣ್ಣದ ಗರಿ, ಕೂದಲು, ಜರಿ, ರೇಷ್ಮೆ ದಾರ ಸುತ್ತಿ ಕಟ್ಟುತ್ತಾರೆ. ನಮ್ಮ ಕಸೂತಿಯಷ್ಟೇ ನಾಜೂಕಿನ ಕೆಲಸ. ಮೇಗನ್ ಬಾಯ್ಡ್ ಎಂಬ ಮಹಿಳೆ ಇದನ್ನು ಕಟ್ಟಿಯೇ ಹೆಸರಾಗಿ, 1971ರಲ್ಲಿ ಸರ್ಕಾರದ ಪದಕ ಪಡೆದರು. ಆಕೆ ಮಾತ್ರ ಮೀನು ಹಿಡಿಯಲು ಹೋದವರಲ್ಲ!

ಸಾಲ್ಮನ್ ಹುಟ್ಟುವುದು ಹೊಳೆಯಲ್ಲಿ, ಬೆಳೆಯುವುದು ಕಡಲಿನಲ್ಲಿ. ಮೊಟ್ಟೆಯಿಡುವ ಕಾಲಕ್ಕೆ ಮತ್ತೆ ಹುಟ್ಟಿದ ಹೊಳೆಗೇ ಬರುತ್ತದೆ, ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ. ಆದರೆ ಹೊಳೆಗೆ ಬಂದ ಮೇಲೆ ಅದು ಆಹಾರ ಮುಟ್ಟುವುದಿಲ್ಲ. ಹಸಿವಿಲ್ಲದವರಿಗೆ ತಿನ್ನಿಸುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕೇ? ಇಲ್ಲಿ ತೋಳ್ಬಲಕ್ಕಿಂತ ತಾಳ್ಮೆ ಮುಖ್ಯ.

ಮಗಳೋ ಸೊಸೆಯೋ ಆ ಊರುಗಳ ಕಡೆ ಇದ್ದು, ನೀವೂ ಹೋದಿರಿ ಅನ್ನಿ. ಮೊದಲು ಹೊಳೆಯ ಹಕ್ಕುದಾರರಿಂದ ಅನುಮತಿ ಚೀಟಿ ಪಡೆಯಿರಿ. ಭಾನುವಾರ ಸಾಲ್ಮನ್ ಹಿಡಿಯುವಂತಿಲ್ಲ. ಕೋಲು ಹದಿಮೂರು, ಹದಿನೈದು ಅಡಿ ಉದ್ದ. ಎರಡೂ ಕೈಯಲ್ಲಿ ಹಿಡಿಯಬೇಕು. ಬೆನ್ನ ಹಿಂದೆ ಮರಗಳಿದ್ದರೆ ದಾರವನ್ನು ಹಿಂದಕ್ಕೆ ಬೀಸಲಾಗದು. ಅದಕ್ಕೇ ಸ್ಪೇ ನದಿಯವರು, ದಾರವನ್ನು ನೀರಿನ ಮೇಲೆಯೇ ಪಕ್ಕಕ್ಕೆ ಸುತ್ತಿ ತಂದು ಮುಂದಕ್ಕೆ ಎಸೆಯುವ ಉಪಾಯ ಕಂಡುಕೊಂಡರು. ಗಾಳಿ ಯಾವ ಕಡೆಗೆ ಬೀಸುತ್ತದೋ ಆ ಕಡೆಯ ಹೆಗಲಿಂದ ಎಸೆಯಿರಿ, ಇಲ್ಲದಿದ್ದರೆ ಗಾಳ ಮುಖಕ್ಕೇ ಬರುತ್ತೆ! ಕನ್ನಡಕ, ಟೋಪಿ ಮರೆಯಬೇಡಿ.

ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಎಸೆದರೆ ಸೆಳವೇ ಫ್ಲೈಯನ್ನು ನಿಮ್ಮ ದಡಕ್ಕೆ ತರುತ್ತದೆ. ಆಮೇಲೆ ಒಂದೆರಡು ಹೆಜ್ಜೆ ಕೆಳಗೆ ಸರಿದು ಮತ್ತೆ ಎಸೆಯಿರಿ. ಮೀನು ಎಳೆದ ಕೂಡಲೇ ಗಾಬರಿಯಿಂದ ಕೋಲು ಜಗ್ಗಬೇಡಿ. ಅದು ತಿರುಗಿ ದಾರ ಬಿಗಿಯಾಗಲಿ.

ಮಳೆ ಬಂದು ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗ ಏನು ಮಾಡೋದು? ದೊಡ್ಡದಾದ, ಹೊಳೆಯುವ ಫ್ಲೈ ಕಟ್ಟಿ, ಮುಳುಗುವ ದಾರ ಹಾಕಿ. ಸೆಳವು ಜೋರಾದಾಗ ಮೀನೂ ದಡದ ಬಳಿ ನಿಧಾನದ ನೀರು ಹುಡುಕುತ್ತದೆ. ಹಾಗಾಗಿ ಆಳಕ್ಕೆ ಇಳಿಯುವುದೇ ಬೇಡ. ನೀರಿನಂಚಿಗೆ ಒಂದು ಕಲ್ಲಿಡಿ. ಅದು ಮುಳುಗಿತೋ, ಎಲೆ ಕಡ್ಡಿ ತೇಲಿ ಬಂತೋ, ಹೊಳೆ ಏರುತ್ತಿದೆ ಎಂದರ್ಥ. ತಕ್ಷಣ ಮೇಲೆ ಬನ್ನಿ! ನೀರು ಇಳಿದು ತಿಳಿಯಾಗತೊಡಗಿದಾಗಲೇ ಒಳ್ಳೆಯ ಸಮಯ. ಊರುಗೋಲು, ತೇಲುವ ಜಾಕೆಟ್ಟು ಇಲ್ಲದೆ, ಒಬ್ಬರೇ ಇಳಿಯಬಾರದು. ಜಾರಿ ಬಿದ್ದರೆ ಅಂಗಾತ ತೇಲಿ, ಕಾಲು ಮುಂದಿಟ್ಟು, ಸೆಳವಿನ ಜೊತೆಗೇ ಸಾಗುತ್ತ ದಡ ಸೇರಬೇಕು.

ಸಿಕ್ಕ ಮೀನನ್ನು ಸಾರು ಮಾಡಬಹುದೇ? ಬೇಡಿ. 2023ರಲ್ಲಿ ಬ್ರಿಟನ್ನಿನ ಸಾಲ್ಮನ್ನನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಮುಳ್ಳಿಲ್ಲದ ಗಾಳ ಬಳಸಿ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ, ತಲೆ ಸೆಳವಿಗೆ ಎದುರಾಗಿ ಹಿಡಿದುಕೊಳ್ಳಿ. ಚೇತರಿಸಿಕೊಂಡ ಮೇಲೆ ತಾನಾಗಿ ಬಾಲ ಬೀಸಿ ಹೋಗುತ್ತದೆ. ಹೆರಿಗೆಗೆಂದು ಅಷ್ಟು ದೂರ ಬಂದವಳು, ಹೋಗಿ ತನ್ನ ಕೆಲಸ ಮುಗಿಸಲಿ.