ಮೊದಲ ಸ್ನೋಬೋರ್ಡ್ ಖರೀದಿ: ಬೂಟು ಮೊದಲು, ಬೋರ್ಡ್ ಕೊನೆಗೆ

ಡೆನ್ವರ್, ಸಾಲ್ಟ್ ಲೇಕ್ ಸಿಟಿ, ಸಿಯಾಟಲ್ ಕಡೆಗೆ ಓದೋಕೋ ಕೆಲಸಕ್ಕೋ ಹೋದವರಿಗೆ ಮೊದಲ ಚಳಿಗಾಲದಲ್ಲೇ ಎದುರಾಗುವ ಪ್ರಶ್ನೆ ಇದು: “ಈ ಶನಿವಾರ ಗುಡ್ಡಕ್ಕೆ ಬರ್ತೀಯಾ?” ಹೂಂ ಅಂದ್ರೆ ಮುಂದಿನ ನಿಲ್ದಾಣ ಸ್ನೋಬೋರ್ಡ್ ಅಂಗಡಿ.

ನಾನೂ ಹೂಂ ಅಂದಿದ್ದೆ. ಅಂಗಡಿಯ ಗೋಡೆ ತುಂಬ ಬಣ್ಣಬಣ್ಣದ ಬೋರ್ಡುಗಳು. ಚಂದ ಕಂಡಿದ್ದನ್ನು ಎತ್ತಿಕೊಂಡೆ. ಉಳಿದ ದುಡ್ಡಿಗೆ ಸಿಕ್ಕಿದ್ದು ಒಂದು ಸೈಜ್ ದೊಡ್ಡದಾದ ಬೂಟು. ಎರಡು ಜೊತೆ ಸಾಕ್ಸ್ ಹಾಕಿದರಾಯ್ತು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪಾದ ಬೂಟಿನೊಳಗೇ ಜಾರುತ್ತಿತ್ತು, ಬೆರಳು ಮರಗಟ್ಟಿತ್ತು, ಬೋರ್ಡ್ ನನ್ನ ಮಾತು ಕೇಳುತ್ತಿರಲಿಲ್ಲ. ತಪ್ಪು ಬೋರ್ಡಿನದ್ದಲ್ಲ, ನಾನು ಖರೀದಿ ಮಾಡಿದ ಕ್ರಮದ್ದು.

ಅಂಗಡಿ ನಮಗೆ ಮೊದಲು ತೋರಿಸೋದು ಬೋರ್ಡನ್ನು. ಹೊಸಬರಿಗೆ ಕೊನೆಗೆ ಬೇಕಾಗೋದೂ ಅದೇ.

ಲೆಕ್ಕ ಮೊದಲು

ಅಮೆರಿಕದಲ್ಲಿ ಸಾಧಾರಣ ಗುಣಮಟ್ಟದ ಹೊಸ ಬೋರ್ಡಿಗೆ ಸುಮಾರು 400ರಿಂದ 600 ಡಾಲರ್. ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗಿಗೆ 200ರಿಂದ 300, ಬೂಟಿಗೆ 200ರಿಂದ 350. ಹೆಲ್ಮೆಟ್, ಗಾಗಲ್, ಜಾಕೆಟ್, ಪ್ಯಾಂಟ್, ಗ್ಲೌಸ್ ಸೇರಿದರೆ ಮೊತ್ತ ಸಾವಿರ ಡಾಲರ್ ಆರಾಮಾಗಿ ದಾಟುತ್ತೆ.

ಇದು ಸಾಮಾನಿನ ಲೆಕ್ಕ ಮಾತ್ರ. ಉಟಾದ ಪಾರ್ಕ್ ಸಿಟಿಯಂಥ ದೊಡ್ಡ ರೆಸಾರ್ಟಿನಲ್ಲಿ ರಜಾ ಕಾಲದ ಒಂದು ದಿನದ ಲಿಫ್ಟ್ ಟಿಕೆಟ್ 300 ಡಾಲರ್ ಮೀರಿದೆ. ಅದೇ ಪಾರ್ಕ್ ಸಿಟಿಯಲ್ಲಿ ಬಿದ್ದವರನ್ನು ಎತ್ತಿ ತರುವ ಸುಮಾರು 200 ಗಸ್ತು ಸಿಬ್ಬಂದಿ 2024ರ ಡಿಸೆಂಬರ್ ಕೊನೆಯಲ್ಲಿ ಮುಷ್ಕರ ಹೂಡಿದರು. ಗಂಟೆಗೆ 21 ಡಾಲರ್ ಇದ್ದ ಆರಂಭಿಕ ಕೂಲಿಯನ್ನು 23ಕ್ಕೆ ಏರಿಸಿ ಅನ್ನೋದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಎರಡು ವಾರದೊಳಗೆ ಒಪ್ಪಂದವಾಯಿತು. ಹಳೆಯ ಕೂಲಿಯಲ್ಲಿ ಆ ಟಿಕೆಟ್ ಕೊಳ್ಳಬೇಕೆಂದರೆ ಅವರು 14 ಗಂಟೆಗೂ ಹೆಚ್ಚು ದುಡಿಯಬೇಕಿತ್ತು. ಈ ಆಟದಲ್ಲಿ ಯಾರು ಒಳಗೆ, ಯಾರು ಹೊರಗೆ ಅನ್ನೋದು ಇಲ್ಲೇ ತೀರ್ಮಾನವಾಗುತ್ತೆ.

ತಮಾಷೆ ಅಂದ್ರೆ, ಸ್ನೋಬೋರ್ಡ್ ಹುಟ್ಟಿದ್ದೇ ಹೊರಗಿನವರ ಆಟವಾಗಿ. 1965ರಲ್ಲಿ ಮಿಚಿಗನ್‌ನ ಶೆರ್ಮನ್ ಪಾಪೆನ್ ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀ ಪಟ್ಟಿಗಳನ್ನು ಜೋಡಿಸಿ ಮಾಡಿದ ಆಟಿಕೆ ಇದರ ಮೂಲ. 1980ರ ದಶಕದ ಆರಂಭದಲ್ಲಿ ಬಹುತೇಕ ಸ್ಕೀ ರೆಸಾರ್ಟುಗಳು ಬೋರ್ಡಿನವರನ್ನು ಒಳಗೆ ಬಿಡುತ್ತಿರಲಿಲ್ಲ. 1998ರಲ್ಲಿ ಆಟ ಒಲಿಂಪಿಕ್ಸ್ ಸೇರಿತು. ಆದರೂ ಆಲ್ಟಾ, ಡೀರ್ ವ್ಯಾಲಿ, ಮ್ಯಾಡ್ ರಿವರ್ ಗ್ಲೆನ್ ಈಗಲೂ ಸ್ಕೀಯವರಿಗೆ ಮಾತ್ರ. ಆಲ್ಟಾ ಇರೋದು ಬಹುಪಾಲು ಸರ್ಕಾರಿ ಅರಣ್ಯ ಭೂಮಿಯಲ್ಲಿ, ಹಾಗಾಗಿ ಈ ನಿಷೇಧ ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ಕೆಲವರು 2014ರಲ್ಲಿ ಕೋರ್ಟಿಗೆ ಹೋದರು. ನಿಷೇಧ ಖಾಸಗಿ ಕಂಪನಿಯ ನಿರ್ಧಾರ, ಸರ್ಕಾರದ್ದಲ್ಲ ಎಂದು ಮೇಲ್ಮನವಿ ಕೋರ್ಟೂ 2016ರಲ್ಲಿ ಹೇಳಿತು.

ಬೂಟು: ದುಡ್ಡು ಹಾಕೋದಾದ್ರೆ ಇಲ್ಲಿ ಹಾಕಿ

ಬೋರ್ಡ್ ತಿರುಗೋದು ಹಿಮ್ಮಡಿ ಮತ್ತು ಕಾಲ್ಬೆರಳಿನ ಒತ್ತಡದಿಂದ. ಆ ಒತ್ತಡವನ್ನು ಬೋರ್ಡಿಗೆ ದಾಟಿಸೋದು ಬೂಟು. ಅದು ಸಡಿಲವಾದರೆ ಎಂಥ ದುಬಾರಿ ಬೋರ್ಡೂ ನಿಷ್ಪ್ರಯೋಜಕ.

ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ಒಂದೇ ಜೊತೆ ತೆಳು ಉಣ್ಣೆಯ ಸಾಕ್ಸ್ ಹಾಕಿ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಹಗುರವಾಗಿ ತಾಗಬೇಕು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಕಾಲು ಗಂಟೆಯಾದರೂ ಹಾಕಿಕೊಂಡೇ ಓಡಾಡಿ. ಒಳಗಿನ ಮೆತ್ತೆ ಬಳಸುತ್ತ ಬಳಸುತ್ತ ಹಿಗ್ಗುತ್ತೆ. ಹಾಗಾಗಿ ಮೊದಲ ದಿನ ಕೊಂಚ ಬಿಗಿ ಅನ್ನಿಸಿದರೆ ಸರಿ, ನೋವಾದರೆ ತಪ್ಪು. ಹೊಸಬರಿಗೆ ಮೃದುವಾಗಿ ಬಾಗುವ ಬೂಟೇ ವಾಸಿ. ಸೆಕೆಂಡ್ ಹ್ಯಾಂಡ್ ಬೂಟು ಬೇಡ, ಅದು ಆಗಲೇ ಇನ್ನೊಬ್ಬರ ಪಾದದ ಆಕಾರಕ್ಕೆ ಒಗ್ಗಿರುತ್ತೆ.

ಹೆಲ್ಮೆಟ್ ಹೊಸದೇ ಇರಲಿ

ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಪದರ ಕೆಟ್ಟಿರಬಹುದು, ಹೊರಗೆ ಕಾಣಲ್ಲ. ಒಳಗಿನ ಲೇಬಲ್ಲಿನಲ್ಲಿ ಎಎಸ್‌ಟಿಎಂ ಎಫ್2040 ಅಥವಾ ಇಎನ್ 1077 ಎಂಬ ಸುರಕ್ಷತಾ ಗುರುತು ಇದೆಯಾ ನೋಡಿ. ಜೊತೆಗೆ ಮಣಿಕಟ್ಟಿನ ಗಾರ್ಡ್ ತಗೊಳ್ಳಿ. ಎರಡೂ ಕಾಲು ಬೋರ್ಡಿಗೆ ಕಟ್ಟಿರುವಾಗ ಬಿದ್ದರೆ ಊರೋದು ಕೈಯನ್ನೇ, ಹೊಸಬರಲ್ಲಿ ಹೆಚ್ಚಾಗಿ ಪೆಟ್ಟಾಗೋದು ಮಣಿಕಟ್ಟಿಗೇ. ಗಾರ್ಡಿನ ಬೆಲೆ ಒಂದು ಹೊತ್ತಿನ ಹೋಟೆಲ್ ಊಟದಷ್ಟು. ಆಸ್ಪತ್ರೆ ಬಿಲ್ ಹಾಗಲ್ಲ, ಅದರಲ್ಲೂ ಅಮೆರಿಕದಲ್ಲಿ.

ಬಟ್ಟೆ: ನೀರು ನಿಲ್ಲದ ಜಾಕೆಟ್ಟಿನ ಹಿಂದಿನ ಕಥೆ

ಮೈಗೆ ತಾಗುವ ಪದರದಲ್ಲಿ ಹತ್ತಿ ಬೇಡ. ಊರಿಂದ ತಂದ ಬನಿಯನ್, ಜೀನ್ಸ್ ಬೆವರು ಮತ್ತು ಹಿಮ ಹೀರಿ ಒದ್ದೆಯಾಗಿ ಮೈ ಕೊರೆಯುತ್ತವೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮಧ್ಯೆ ಫ್ಲೀಸ್, ಹೊರಗೆ ನೀರು ಬಿಡದ ಜಾಕೆಟ್ ಮತ್ತು ಪ್ಯಾಂಟ್. ಲೇಬಲ್ಲಿನಲ್ಲಿ 10,000 ಮಿ.ಮೀ. ಅಂತ ಇದ್ದರೆ ಹೊಸಬರಿಗೆ ಸಾಕು.

ಆ ಜಾಕೆಟ್ ಮೇಲೆ ನೀರು ಮುತ್ತಿನಂತೆ ಉರುಳೋದು ಚಂದ. ದಶಕಗಳ ಕಾಲ ಅದನ್ನು ಸಾಧ್ಯವಾಗಿಸಿದ್ದು ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಗುಂಪು. ಇವು ಮಣ್ಣಲ್ಲೂ ನೀರಲ್ಲೂ ಸುಲಭಕ್ಕೆ ಒಡೆಯುವುದಿಲ್ಲ. ಇದೇ ಗುಂಪಿನ ಸಿ8 ಎಂಬ ರಾಸಾಯನಿಕ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಡುಪಾಂಟ್ ಕಾರ್ಖಾನೆಯಿಂದ ಸುತ್ತಲಿನವರ ಕುಡಿಯುವ ನೀರಿಗೆ ಸೇರಿತ್ತು. ಸುಮಾರು 3,550 ಮೊಕದ್ದಮೆಗಳನ್ನು ಇತ್ಯರ್ಥ ಮಾಡಿಕೊಳ್ಳಲು ಡುಪಾಂಟ್ ಮತ್ತು ಕೆಮೋರ್ಸ್ 2017ರಲ್ಲಿ 67 ಕೋಟಿಗೂ ಹೆಚ್ಚು ಡಾಲರ್ ಕೊಡಲು ಒಪ್ಪಿದವು.

2025ರ ಜನವರಿಯಿಂದ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಹೊಸ ಬಟ್ಟೆಗಳಲ್ಲಿ ಇದನ್ನು ನಿರ್ಬಂಧಿಸಿವೆ. ತೀವ್ರ ಮಳೆ-ಹಿಮಕ್ಕೆಂದೇ ಮಾಡಿದ ಉಡುಪುಗಳಿಗೆ ಇನ್ನೂ ಸ್ವಲ್ಪ ಕಾಲಾವಕಾಶ ಇದೆ. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ ಇದೇ ಗುಂಪಿಗೆ ಸೇರಿದ ಫ್ಲೋರಿನ್ ಮೇಣವನ್ನು 2023-24ರ ಸೀಸನ್ನಿನಿಂದ ತನ್ನ ಸ್ಪರ್ಧೆಗಳಲ್ಲಿ ನಿಷೇಧಿಸಿದೆ.

ಹಾಗಾಗಿ ಹೊಸ ಜಾಕೆಟ್ ಕೊಳ್ಳುವಾಗ “ಪಿಎಫ್‌ಎಎಸ್ ಫ್ರೀ” ಅಂತ ಇದೆಯಾ ನೋಡಿ. “ಪಿಎಫ್‌ಒಎ ಫ್ರೀ” ಅಂತ ಮಾತ್ರ ಇದ್ದರೆ ಹುಷಾರು. ಆ ಒಂದು ರಾಸಾಯನಿಕ ಇಲ್ಲ ಅಂತಷ್ಟೇ ಅರ್ಥ, ಅದೇ ಗುಂಪಿನ ಬೇರೊಂದು ಇರಬಹುದು. ಇದಕ್ಕಿಂತ ಸುಲಭದ ದಾರಿ ಮೊದಲ ಸೀಸನ್ನಿಗೆ ಯಾರದಾದರೂ ಜಾಕೆಟ್ ಎರವಲು ಪಡೆಯೋದು. ಹಳೆಯದರಲ್ಲೂ ಆ ರಾಸಾಯನಿಕ ಇರಬಹುದು ನಿಜ, ಆದರೆ ನಿಮಗಾಗಿ ಕಾರ್ಖಾನೆ ಹೊಸದೊಂದನ್ನು ಮಾಡಬೇಕಿಲ್ಲ.

ಬೋರ್ಡ್: ಸದ್ಯಕ್ಕೆ ಬಾಡಿಗೆ

ಎಡಗಾಲು ಮುಂದಿಟ್ಟರೆ ಅನುಕೂಲವೋ, ಬಲಗಾಲೋ ಅನ್ನೋದೂ ಮೊದಲ ದಿನ ಗೊತ್ತಿರಲ್ಲ. ಅದಕ್ಕೇ ಹಲವು ಅಂಗಡಿಗಳಲ್ಲಿ ಸಿಗುವ ಇಡೀ ಸೀಸನ್ನಿನ ಬಾಡಿಗೆ ಒಳ್ಳೆಯದು. ಅಷ್ಟರಲ್ಲಿ ನಿಮಗೇನು ಬೇಕು ಅಂತ ಕಾಲಿಗೇ ಗೊತ್ತಾಗಿರುತ್ತೆ.

ಕೊಳ್ಳುವ ಕಾಲ ಬಂದಾಗ ಗಲ್ಲದ ಎತ್ತರ ಅಳೆಯುವುದಕ್ಕಿಂತ ನಿಮ್ಮ ತೂಕಕ್ಕೆ ಕಂಪನಿಯ ಪಟ್ಟಿ ಹೇಳುವ ಉದ್ದ ನೋಡಿ. ಪಾದ ದೊಡ್ಡದಿದ್ದರೆ ಅಗಲದ ಬೋರ್ಡ್ ಬೇಕು, ಇಲ್ಲದಿದ್ದರೆ ತಿರುಗುವಾಗ ಬೂಟಿನ ತುದಿ ಹಿಮಕ್ಕೆ ತಾಗಿ ಬೀಳಿಸುತ್ತೆ. ಮೃದುವಾಗಿ ಬಾಗುವ ಬೋರ್ಡ್ ಹೊಸಬರ ತಪ್ಪನ್ನು ಹೆಚ್ಚು ಮನ್ನಿಸುತ್ತೆ. ಸೆಕೆಂಡ್ ಹ್ಯಾಂಡ್ ಆದರೆ ಲೋಹದ ಅಂಚಿನಲ್ಲಿ ಬಿರುಕು, ತಳದಲ್ಲಿ ಒಳಗಿನ ಮರ ಕಾಣುವಷ್ಟು ಆಳದ ಗೀರು ಇದ್ದರೆ ಬಿಟ್ಟುಬಿಡಿ. ಬೈಂಡಿಂಗ್ ನಿಮ್ಮ ಬೋರ್ಡಿನ ತೂತುಗಳಿಗೆ ಹೊಂದುತ್ತಾ ಅಂತಲೂ ಕೇಳಿ. ಬರ್ಟನ್ ಕಂಪನಿಯ ಬಹುತೇಕ ಬೋರ್ಡುಗಳಲ್ಲಿ ತೂತುಗಳ ಬದಲು ಉದ್ದನೆಯ ಸೀಳು ಇರುತ್ತೆ, ಎಲ್ಲ ಬೈಂಡಿಂಗುಗಳೂ ಅದಕ್ಕೆ ಕೂರಲ್ಲ.

ಮಾರ್ಚ್-ಏಪ್ರಿಲ್‌ನಲ್ಲಿ ಅಂಗಡಿಗಳು ದರ ಇಳಿಸುತ್ತವೆ. ಚಳಿಗಾಲಕ್ಕೆ ಮುಂಚೆ ಹಲವು ಊರುಗಳಲ್ಲಿ ಹಳೆ ಸಾಮಾನಿನ ಸಂತೆ ನಡೆಯುತ್ತೆ. ನಿಮ್ಮೂರಿನ ಕನ್ನಡ ಕೂಟದ ವಾಟ್ಸಾಪ್ ಗ್ರೂಪಲ್ಲೂ ಕೇಳಿ ನೋಡಿ, ಒಂದು ಸೀಸನ್ ಆಡಿ ಬಿಟ್ಟವರ ಜಾಕೆಟ್, ಪ್ಯಾಂಟ್ ಯಾವುದೋ ಕಪಾಟಲ್ಲಿ ಸುಮ್ಮನೆ ಬಿದ್ದಿರುತ್ತೆ.

ಅಂದ ನೋಡಿ ಕೊಂಡ ನನ್ನ ಬೋರ್ಡ್ ಮುಂದಿನ ವರ್ಷ ಅಂಥ ಸಂತೆಯಲ್ಲೇ ಅರ್ಧ ಬೆಲೆಗೆ ಹೋಯ್ತು. ಆ ದುಡ್ಡಲ್ಲಿ ಬೂಟು ತಗೊಂಡೆ. ಬೋರ್ಡ್ ಇವತ್ತಿಗೂ ಬಾಡಿಗೆಯದೇ.