ಹಳೆಯ ಕಾರನ್ನು ಬದಲಾಯಿಸುವ ಮುನ್ನ: ವರ್ತಕರು ಮಾಡಬೇಕಾದ ಲೆಕ್ಕ

ಆಂಡರ್ಸನ್‌ಪೇಟೆಯ ವರ್ತಕರಿಗೆ ಕಾರು ಭೋಗದ ವಸ್ತುವಲ್ಲ, ವ್ಯವಹಾರದ ಒಂದು ಅಂಗ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ತರುವಾಯ, ಗಣಿಯ ಸಂಬಳವನ್ನೇ ನೆಚ್ಚಿದ್ದ ಪೇಟೆಯ ವ್ಯಾಪಾರವು ಬೇರೆ ದಾರಿಗಳನ್ನು ಅರಸಬೇಕಾಯಿತು. ಸರಕಿಗೆ ಬೆಂಗಳೂರು, ವಸೂಲಿಗೆ ಬಂಗಾರಪೇಟೆ ಮತ್ತು ಕೋಲಾರ ಎಂದು ಓಡಾಟ ಹೆಚ್ಚಿದಂತೆ ಪೆಟ್ರೋಲಿನ ವೆಚ್ಚವೂ ಏರುತ್ತದೆ. ಹತ್ತು ಹನ್ನೆರಡು ವರ್ಷ ದುಡಿದ ಕಾರನ್ನು ಮಾರಿ, ಹೆಚ್ಚು ಮೈಲೇಜ್ ನೀಡುವ ಸೆಕೆಂಡ್‌ಹ್ಯಾಂಡ್ ಕಾರನ್ನು ಕೊಳ್ಳುವುದು ಲಾಭವೇ ಎಂಬ ಪ್ರಶ್ನೆ ಏಳುವುದು ಆಗಲೇ. ಇದಕ್ಕೆ ಉತ್ತರವು ಕಾರಿನ ಮೈಲೇಜಿಗಿಂತ ಹೆಚ್ಚಾಗಿ ನಾವು ತಿಂಗಳಿಗೆ ಓಡಿಸುವ ದೂರದಲ್ಲಿದೆ.

ಎರಡು ಉದಾಹರಣೆಗಳು

ಹಳೆಯ ಕಾರು ಲೀಟರಿಗೆ 11 ಕಿ.ಮೀ., ಕೊಳ್ಳಬೇಕೆಂದಿರುವ ಕಾರು 18 ಕಿ.ಮೀ. ನೀಡುವುದೆಂದು ಭಾವಿಸೋಣ. ಹಳೆಯ ಕಾರು ಮಾರಿದ ಹಣ ಕಳೆದು ಕೈಯಿಂದ ಹಾಕಬೇಕಾದ ಮೊತ್ತ 2,50,000 ರೂ. ಲೆಕ್ಕದ ಸುಲಭಕ್ಕಾಗಿ ಪೆಟ್ರೋಲ್ ಬೆಲೆಯನ್ನು ಲೀಟರಿಗೆ 100 ರೂ. ಎಂದು ಹಿಡಿಯೋಣ.

ಪೇಟೆಯ ಸುತ್ತಮುತ್ತಲೇ ತಿಂಗಳಿಗೆ 800 ಕಿ.ಮೀ. ಓಡಿಸುವ ವರ್ತಕರಿಗೆ ಸುಮಾರು 28 ಲೀಟರ್ ಉಳಿಯುತ್ತದೆ. ವರ್ಷಕ್ಕೆ ಸುಮಾರು 34,000 ರೂ. ಹಾಕಿದ ಹಣ ಮರಳಲು ಏಳು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆ ಹಣವನ್ನು ಶೇ. 12ರ ಬಡ್ಡಿಗೆ ಸಾಲ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 30,000 ರೂ.ಗೆ ಸಮೀಪಿಸುತ್ತದೆ. ಉಳಿತಾಯವೆಲ್ಲ ಬಡ್ಡಿಗೆ ಸಂದಂತಾಯಿತು.

ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಬರುವವರ ಸ್ಥಿತಿ ಬೇರೆ. ಹೋಗಿ ಬರಲು ಸುಮಾರು 200 ಕಿ.ಮೀ.ನಂತೆ ತಿಂಗಳಿಗೆ 1,600 ಕಿ.ಮೀ., ಸ್ಥಳೀಯ ಓಡಾಟ 400 ಕಿ.ಮೀ., ಒಟ್ಟು 2,000 ಕಿ.ಮೀ. ಇವರಿಗೆ ತಿಂಗಳಿಗೆ ಸುಮಾರು 70 ಲೀಟರ್, ವರ್ಷಕ್ಕೆ ಸುಮಾರು 85,000 ರೂ. ಉಳಿಯುತ್ತದೆ. ಮೂರು ವರ್ಷಗಳಲ್ಲಿ ಬಂಡವಾಳ ಮರಳುತ್ತದೆ. ಸಾಲವಿದ್ದರೆ ಇನ್ನೂ ಸ್ವಲ್ಪ ಕಾಲ ಹಿಡಿದೀತು.

ಇಲ್ಲಿ ಇನ್ನೊಂದು ಮಾತು. ಬೆಂಗಳೂರಿಗೆ ಹೋಗುವುದು ಕೇವಲ ಆರ್ಡರ್ ಕೊಡಲು ಅಥವಾ ಹಣ ಪಾವತಿಸಲು ಆಗಿದ್ದು, ಸರಕು ಲಾರಿಯಲ್ಲಿ ಬರುವುದಾದರೆ, ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಸಾಗುವ ರೈಲು ನಮಗಿದೆ. ರೈಲು ಹಿಡಿದವರಿಗೆ ಕಾರಿನ ದೂರವು 400 ಕಿ.ಮೀ.ಗೆ ಇಳಿದು, ಬದಲಾವಣೆಯ ಅಗತ್ಯವೇ ಬೀಳದಿರಬಹುದು.

ಮೈಲೇಜನ್ನು ಅಳೆಯುವ ಕ್ರಮ

ಕಂಪನಿ ಘೋಷಿಸುವ ಮೈಲೇಜು ಪರೀಕ್ಷಾಲಯದ್ದು. ರಸ್ತೆಯಲ್ಲಿ ಅಷ್ಟು ದೊರೆಯುವುದು ಅಪರೂಪ. ಟ್ಯಾಂಕ್ ತುಂಬಿಸಿ, ಕಿ.ಮೀ. ಬರೆದಿಟ್ಟು, ಮತ್ತೆ ತುಂಬಿಸಿದಾಗ ಹಿಡಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸಬೇಕು. ಮೂರು ಬಾರಿ ಹೀಗೆ ಮಾಡಿ ಸರಾಸರಿ ತೆಗೆದರೆ ನಂಬಬಹುದಾದ ಅಂಕಿ ದೊರೆಯುತ್ತದೆ. ಹಿಂದಿನ ವರ್ಷಗಳ ನೆನಪನ್ನು ನೆಚ್ಚಬಾರದು. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಬಳಕೆಗೆ ಬಂದಿದ್ದು, ಹಳೆಯ ವಿನ್ಯಾಸದ ಕಾರುಗಳಲ್ಲಿ ಇದರಿಂದ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಕೊಳ್ಳುವ ಕಾರು ಈ ಇಂಧನಕ್ಕೆ ಹೊಂದುತ್ತದೆಯೇ ಎಂಬುದನ್ನೂ ವಿಚಾರಿಸುವುದು ಒಳ್ಳೆಯದು.

ಹಳೆಯದನ್ನು ಉಳಿಸಿಕೊಳ್ಳುವ ವೆಚ್ಚ

ಟೈರು, ಬ್ಯಾಟರಿ, ಆಯಿಲ್ ಯಾವ ಕಾರಿಗೂ ತಪ್ಪದ ವೆಚ್ಚಗಳು. ಇವನ್ನು ಹಳೆಯ ಕಾರಿನ ದೋಷವೆಂದು ಎಣಿಸುವುದು ಸರಿಯಲ್ಲ. ಇಂಜಿನ್, ಗೇರ್‌ಬಾಕ್ಸ್, ತುಕ್ಕು ಹಿಡಿದ ಬಾಡಿ ಇವುಗಳ ರಿಪೇರಿ ಪದೇ ಪದೇ ಬರುತ್ತಿದ್ದರೆ, ದಾರಿಯಲ್ಲಿ ಕೆಟ್ಟು ನಿಂತು ವ್ಯಾಪಾರದ ದಿನಗಳು ನಷ್ಟವಾಗುತ್ತಿದ್ದರೆ ಯೋಚಿಸಬೇಕು. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಇಂತಹ ವಾಹನಗಳ ಬಿಡಿಭಾಗಗಳು ಮುಂದೆಯೂ ಸುಲಭವಾಗಿ ದೊರೆಯುವವೇ ಎಂದು ಮೆಕ್ಯಾನಿಕ್‌ರನ್ನು ಕೇಳಬೇಕು. ಕಾರಿಗೆ 15 ವರ್ಷ ತುಂಬಿದಾಗ ಮರುನೋಂದಣಿ ಅಗತ್ಯ. ಇದರ ಶುಲ್ಕವು 2022ರ ಏಪ್ರಿಲ್‌ನಿಂದ 600 ರೂ.ನಿಂದ 5,000 ರೂ.ಗೆ ಏರಿತು; 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳಿಗೆ 10,000 ರೂ. ಎಂದು ನಿಗದಿಯಾಯಿತು.

ಕಾಗದಪತ್ರಗಳ ಎಚ್ಚರ

ನಮ್ಮ ಊರು ಆಂಧ್ರ ಮತ್ತು ತಮಿಳುನಾಡಿನ ಗಡಿಗೆ ಹತ್ತಿರವಿರುವುದರಿಂದ ಹೊರರಾಜ್ಯದ ಕಾರುಗಳು ಅಗ್ಗವಾಗಿ ಕಾಣಬಹುದು. ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆ, ಮರುನೋಂದಣಿ ಇವೆಲ್ಲವನ್ನೂ ಬೆಲೆಗೆ ಸೇರಿಸಿ ನೋಡಬೇಕು. ಕಾರಿನ ಮೇಲೆ ಬ್ಯಾಂಕ್ ಸಾಲವಿದ್ದಿದ್ದರೆ ಅದು ತೀರಿ ಆರ್.ಸಿ.ಯಿಂದ ತೆಗೆದುಹಾಕಲ್ಪಟ್ಟಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ಪರಿಶೀಲಿಸತಕ್ಕದ್ದು.

ಮಾರುವವರಿಗೂ ಎಚ್ಚರ ಬೇಕು. ಹಳೆಯ ಕಾರನ್ನು ಕೊಟ್ಟು ಹಣ ಪಡೆದರೂ, ಆರ್.ಟಿ.ಓ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆದ್ದರಿಂದ 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾಡಿ ಕೈತೊಳೆದುಕೊಳ್ಳದೆ, ವರ್ಗಾವಣೆ ಪೂರ್ಣಗೊಂಡ ದಾಖಲೆಯನ್ನು ಪಡೆದಿಟ್ಟುಕೊಳ್ಳಬೇಕು.

ಜಿ.ಎಸ್.ಟಿ. ನೋಂದಣಿಯುಳ್ಳವರು ವ್ಯವಹಾರದ ಲೆಕ್ಕದಲ್ಲಿ ಸವಕಳಿ ಪಡೆದ ಕಾರನ್ನು ಮಾರಿದಾಗ, ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚಾಗಿ ಬಂದ ಮೊತ್ತದ ಮೇಲೆ ತೆರಿಗೆ ಬರುತ್ತದೆ. 2025ರ ಜನವರಿಯಲ್ಲಿ ಇದರ ದರ ಶೇ. 18ಕ್ಕೆ ಏರಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ತೆರಿಗೆಯೂ ಶೇ. 18ಕ್ಕೆ ಇಳಿಯಿತು. ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆ ಮಾತನಾಡುವಾಗ ಹೊಸದರ ಇಂದಿನ ಬೆಲೆಯೂ ತಿಳಿದಿರಲಿ.

ಕೊನೆಯದಾಗಿ, ವರ್ತಕನ ಕೈಯಲ್ಲಿರುವ ಎರಡೂವರೆ ಲಕ್ಷ ರೂಪಾಯಿ ಅಂಗಡಿಯ ಸರಕಾಗಿ ವರ್ಷದಲ್ಲಿ ಹಲವು ಬಾರಿ ತಿರುಗಬಲ್ಲುದು. ಕಾರಾಗಿ ನಿಂತರೆ ಪ್ರತಿ ವರ್ಷ ಬೆಲೆ ಕಳೆದುಕೊಳ್ಳುತ್ತದೆ. ಹಬ್ಬದ ಕಾಲಕ್ಕೆ ಸರಕು ತುಂಬಲು ಹಣ ಸಾಲದೆ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಿದರೆ, ಪೆಟ್ರೋಲಿನಲ್ಲಿ ಉಳಿಸಿದ ಹಣಕ್ಕೆ ಅರ್ಥವಿಲ್ಲ. ಮೂರು ತಿಂಗಳ ಕಿ.ಮೀ., ಪೆಟ್ರೋಲ್ ಮತ್ತು ರಿಪೇರಿಯ ವೆಚ್ಚವನ್ನು ಖಾತೆ ಪುಸ್ತಕದ ಒಂದು ಪುಟದಲ್ಲಿ ಬರೆದಿಟ್ಟವರಿಗೆ ನಿರ್ಧಾರ ಕಷ್ಟವಾಗದು.