ಓದಿನ ತೊಡಕೂ ವಿದ್ಯುತ್ತಿನ ಚಿಕಿತ್ಸೆಯೂ

ಮಾತು ಮಗುವಿಗೆ ತಾನಾಗಿಯೇ ಬರುತ್ತದೆ. ಮನೆಮಂದಿಯ ನುಡಿಯನ್ನು ಕೇಳುತ್ತ ಕೇಳುತ್ತ ಅದು ಮಾತುಗಾರನಾಗಿಬಿಡುತ್ತದೆ. ಆದರೆ ಓದು ಹಾಗಲ್ಲ. ಮಾನವನು ಬರವಣಿಗೆಯನ್ನು ಕಂಡುಹಿಡಿದು ಸುಮಾರು 5,000 ವರ್ಷಗಳಾದವಷ್ಟೆ. ಮನುಕುಲದ ಸುದೀರ್ಘ ಇತಿಹಾಸದಲ್ಲಿ ಇದು ತೀರ ಅಲ್ಪಕಾಲ. ಆದುದರಿಂದ ನಮ್ಮ ಮೆದುಳಿನಲ್ಲಿ ಓದಿಗೆಂದೇ ಹುಟ್ಟಿನಿಂದ ಮೀಸಲಾದ ಭಾಗವೊಂದಿಲ್ಲ. ನೋಡುವುದಕ್ಕೂ ಕೇಳುವುದಕ್ಕೂ ಮಾತನಾಡುವುದಕ್ಕೂ ಇರುವ ಭಾಗಗಳ ನಡುವೆ ಪ್ರತಿಯೊಂದು ಮಗುವೂ ಹೊಸದಾಗಿ ದಾರಿ ಕಡಿದುಕೊಳ್ಳಬೇಕು. ಬಹುಮಂದಿ ಮಕ್ಕಳಿಗೆ ಈ ಕೆಲಸ ಎರಡು ಮೂರು ವರ್ಷಗಳಲ್ಲಿ ಕೈಗೂಡುತ್ತದೆ. ಕೆಲವರಿಗೆ ಮಾತ್ರ ಎಷ್ಟು ಹೆಣಗಿದರೂ ದಾರಿ ಸುಗಮವಾಗುವುದಿಲ್ಲ.

ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ, ಬುದ್ಧಿಗೆ ಕೊರತೆಯಿಲ್ಲ, ಶಾಲೆಗೂ ತಪ್ಪದೆ ಬರುತ್ತಾನೆ. ಆದರೂ ಪುಸ್ತಕ ಹಿಡಿದರೆ ಅಕ್ಷರಕ್ಕೆ ಅಕ್ಷರ ಕೂಡುವುದಿಲ್ಲ. ಇಂತಹ ತೊಡಕಿಗೆ ವೈದ್ಯಶಾಸ್ತ್ರದಲ್ಲಿ ಡಿಸ್ಲೆಕ್ಸಿಯಾ ಎಂದು ಹೆಸರು. 1887ರಲ್ಲಿ ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬೆರ್ಲಿನ್ ಎಂಬವರು ಈ ಪದವನ್ನು ಬಳಕೆಗೆ ತಂದರು. ಅವರು ವಿವರಿಸಿದ್ದು ಮೆದುಳಿಗೆ ಘಾತವಾಗಿ ಓದುವ ಶಕ್ತಿಯನ್ನು ಕಳೆದುಕೊಂಡ ವಯಸ್ಕರನ್ನು. ಹುಟ್ಟಿನಿಂದಲೇ ಇಂತಹ ತೊಡಕಿರುವ ಮಗುವಿನ ಕುರಿತು 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬರೆದರು. ಪರ್ಸಿ ಎಂಬ 14 ವರ್ಷದ ಹುಡುಗ ಲೆಕ್ಕದಲ್ಲಿ ಚುರುಕು, ಆಟದಲ್ಲಿ ಮುಂದು. ಆದರೆ ತನ್ನ ಹೆಸರನ್ನೇ 'ಪ್ರೆಸಿ' ಎಂದು ತಪ್ಪಾಗಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲೆಲ್ಲ ಇವನೇ ಜಾಣನಾಗುತ್ತಿದ್ದನೆಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರು. ಇದನ್ನು ಓದುವಾಗ ನಮ್ಮ ನಮ್ಮ ತರಗತಿಯ ಯಾವುದಾದರೊಂದು ಮುಖ ಕಣ್ಣೆದುರಿಗೆ ಬಾರದಿರದು.

ಹಾಗಾದರೆ ತೊಡಕು ಇರುವುದೆಲ್ಲಿ? ಅಕ್ಷರಗಳು ಕಣ್ಣಿಗೆ ತಲೆಕೆಳಗಾಗಿ ಕಾಣುತ್ತವೆಂದು ಹಲವರ ನಂಬಿಕೆ. ಆದರೆ ಹೆಚ್ಚಿನ ಮಕ್ಕಳಲ್ಲಿ ಮೂಲ ತೊಂದರೆ ಕಣ್ಣಿನದಲ್ಲ, ಧ್ವನಿಯದು. ಮಾತನ್ನು ಚಿಕ್ಕ ಚಿಕ್ಕ ಧ್ವನಿಗಳಾಗಿ ಬಿಡಿಸಿ, ಒಂದೊಂದನ್ನೂ ಒಂದೊಂದು ಅಕ್ಷರಕ್ಕೆ ಹೊಂದಿಸುವ ಕೆಲಸ ಅವರಿಗೆ ಕಷ್ಟ. 'ಕವನ' ಎಂಬುದರಿಂದ 'ಕ'ವನ್ನು ತೆಗೆದರೆ ಏನುಳಿಯಿತು ಎಂದು ಕೇಳಿದರೆ, ಉಳಿದವರು ಥಟ್ಟನೆ 'ವನ' ಎಂದಾರು, ಇವರು ತಡವರಿಸುತ್ತಾರೆ. ಓದುವಾಗ ಮೆದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದ ಮೇಲೆ ಇದಕ್ಕೆ ಸಾಕ್ಷ್ಯವೂ ದೊರೆಯಿತು. ಎಡಗಿವಿಯ ಮೇಲ್ಭಾಗ ಮತ್ತು ಹಿಂಭಾಗಕ್ಕೆ ನೇರವಾಗಿ ತಲೆಯೊಳಗಿರುವ ಪ್ರದೇಶಗಳು ಇಂತಹವರಲ್ಲಿ ಸಾಕಷ್ಟು ಚುರುಕಾಗುವುದಿಲ್ಲ. 2001ರಲ್ಲಿ ಇಟಲಿಯ ಪಾವುಲೇಸು ಮತ್ತು ಸಂಗಡಿಗರು ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಭಾಷಿಕರನ್ನು ಹೋಲಿಸಿ ನೋಡಿದರು. ಬರೆದಂತೆ ಓದುವ ಇಟಾಲಿಯನ್ ಭಾಷೆಯವರ ಓದು ಇತರರಿಗಿಂತ ಮೇಲಾಗಿದ್ದರೂ, ಮೆದುಳಿನೊಳಗಣ ಕೊರತೆ ಮೂವರಲ್ಲಿಯೂ ಒಂದೇ ಆಗಿತ್ತು.

ನಮ್ಮ ಕನ್ನಡವೂ ಬರೆದಂತೆ ಓದುವ ಭಾಷೆಯೇ. ಆದರೆ ಇಂಗ್ಲಿಷಿನ 26 ಅಕ್ಷರಗಳೆಲ್ಲಿ, ನಮ್ಮ ಕಾಗುಣಿತ ಒತ್ತಕ್ಷರಗಳ ನೂರಾರು ರೂಪಗಳೆಲ್ಲಿ! ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯ ತನಕವೂ ಮುಂದುವರಿಯುತ್ತದೆ. ಆದುದರಿಂದ ಎರಡನೆಯ ತರಗತಿಯ ಮಗು 'ಸ್ತ್ರ', 'ಕ್ಷ್ಮ'ಗಳಲ್ಲಿ ಎಡವಿದೊಡನೆ ಅದಕ್ಕೆ ರೋಗದ ಹೆಸರಿಡಬಾರದು. ಗಡಿನಾಡಿನ ನಮ್ಮ ಮಕ್ಕಳಿಗಂತೂ ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಬರಹ. ಕನ್ನಡ, ಮಲೆಯಾಳ, ಹಿಂದಿ, ಇಂಗ್ಲಿಷೆಂದು ನಾಲ್ಕು ಲಿಪಿಗಳ ಹೊರೆ. ಲಿಪಿಯ ಹೊರೆಯಿಂದಾದ ನಿಧಾನ ಬೇರೆ, ಡಿಸ್ಲೆಕ್ಸಿಯಾ ಬೇರೆ. ಇವೆರಡನ್ನೂ ಪ್ರತ್ಯೇಕಿಸಿ ಹೇಳುವುದು ತಜ್ಞರ ಕೆಲಸ.

ಇನ್ನು ವಿದ್ಯುತ್ತಿನ ವಿಚಾರ. ಮೆದುಳಿನ ನರಕೋಶಗಳು ಪರಸ್ಪರ ವ್ಯವಹರಿಸುವುದರಲ್ಲಿ ವಿದ್ಯುತ್ತಿನ ಪಾತ್ರ ದೊಡ್ಡದು. ಹಾಗಿದ್ದರೆ ಹೊರಗಿನಿಂದ ವಿದ್ಯುತ್ತನ್ನು ನೀಡಿ ಅವುಗಳನ್ನು ಹುರಿದುಂಬಿಸಬಾರದೇಕೆ? ಈ ಯೋಚನೆ ಹೊಸತೇನಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವೈದ್ಯರು ವಿದ್ಯುತ್ತನ್ನು ಹೊಮ್ಮಿಸುವ ತೊರಕೆ ಜಾತಿಯ ಮೀನನ್ನು ಹಣೆಗಿಟ್ಟು ತಲೆನೋವಿಗೆ ಮದ್ದು ಮಾಡುತ್ತಿದ್ದರು. ತಲೆಯನ್ನು ಕೊಯ್ಯದೆ, ಬುರುಡೆಯನ್ನು ತೆರೆಯದೆ ಮೆದುಳನ್ನು ಪ್ರಚೋದಿಸುವ ವಿಧಾನಗಳಲ್ಲಿ ಇಂದು ಎರಡು ಮುಖ್ಯವಾಗಿವೆ.

ಮೊದಲನೆಯದು ಕಾಂತದ ವಿಧಾನ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಬದಲಾಗುತ್ತಿರುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂಬ ಫ್ಯಾರಡೆಯ ತತ್ತ್ವವನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ಓದಿಯೇ ಇರುತ್ತಾರೆ. ತಂತಿಯ ಸುರುಳಿಯೊಂದನ್ನು ತಲೆಯ ಬಳಿ ಹಿಡಿದು ಅದರಲ್ಲಿ ಕ್ಷಣಮಾತ್ರ ಪ್ರವಾಹ ಹರಿಸಿದರೆ, ಬುರುಡೆಯೊಳಗಣ ಮೆದುಳೇ ಇಲ್ಲಿ ವಾಹಕವಾಗುತ್ತದೆ. ಕೈಯನ್ನು ಆಳುವ ಭಾಗದ ಮೇಲೆ ಸುರುಳಿಯಿಟ್ಟರೆ ಕೈ ತಾನಾಗಿ ಅಲುಗುತ್ತದೆ!

ಎರಡನೆಯದು ಇನ್ನೂ ಸರಳ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜಿನ ತುಂಡುಗಳನ್ನು ನೆತ್ತಿಯ ಚರ್ಮಕ್ಕೆ ಒತ್ತಿ ಕಟ್ಟಿ, 1 ಅಥವಾ 2 ಮಿಲಿ ಆಂಪಿಯರಿನಷ್ಟು ಮಂದಪ್ರವಾಹವನ್ನು ಸುಮಾರು 20 ನಿಮಿಷ ಹರಿಸುವುದು. ಅದರ ಬಹುಭಾಗ ಚರ್ಮದಲ್ಲಿಯೇ ಹರಿದುಹೋಗುತ್ತದೆ. ಸ್ವಲ್ಪಾಂಶ ಮಾತ್ರ ಮೆದುಳನ್ನು ಮುಟ್ಟುತ್ತದೆ. 2000ದಲ್ಲಿ ಜರ್ಮನಿಯ ಗಟಿಂಗೆನ್ನಿನಲ್ಲಿ ನಿಟ್ಶೆ ಮತ್ತು ಪೌಲುಸ್ ಎಂಬ ವಿಜ್ಞಾನಿಗಳು ಈ ಪ್ರವಾಹವು ಮೆದುಳಿನ ಉತ್ತೇಜಕತೆಯನ್ನು ಏರಿಳಿಸಬಲ್ಲದೆಂದು ಸ್ಥಾಪಿಸಿದರು. ಸಾಮಾನ್ಯವಾಗಿ ಧನಾಗ್ರದ ಕೆಳಗಿನ ಭಾಗ ಚುರುಕಾಗುತ್ತದೆ, ಋಣಾಗ್ರದ ಕೆಳಗಿನದು ಮಂದವಾಗುತ್ತದೆ.

ಇಲ್ಲಿ ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಈ ಮಂದಪ್ರವಾಹ ನರಕೋಶಕ್ಕೆ ಏನನ್ನೂ ಕಲಿಸುವುದಿಲ್ಲ; ಕಲಿಯಲು ಸಿದ್ಧಪಡಿಸುತ್ತದೆ ಅಷ್ಟೆ. ಗದ್ದೆಗೆ ನೀರು ಕಟ್ಟಿ ಮಣ್ಣನ್ನು ಹದಮಾಡಿದಂತೆ ಇದು. ಹದವಾದ ಗದ್ದೆಯಲ್ಲಿ ನೇಜಿ ನೆಡದಿದ್ದರೆ ಬೆಳೆ ಎಲ್ಲಿಂದ ಬರಬೇಕು? ಆದುದರಿಂದಲೇ ಮಕ್ಕಳಲ್ಲಿ ನಡೆಸಿದ ಮುಖ್ಯ ಪ್ರಯೋಗಗಳಲ್ಲಿ ವಿದ್ಯುತ್ತಿನ ಜೊತೆಗೆ ಓದಿನ ಅಭ್ಯಾಸವನ್ನೂ ಮಾಡಿಸಿದ್ದಾರೆ.

ಇವುಗಳಲ್ಲಿ ಹೆಸರಾದುದು ರೋಮಿನ ಬಂಬಿನೋ ಜೆಸು ಮಕ್ಕಳ ಆಸ್ಪತ್ರೆಯ ಕೋಸ್ತಾನ್ಸೊ, ಮೆಂಗಿನಿ ಮೊದಲಾದವರು 2016ರಲ್ಲಿ ಪ್ರಕಟಿಸಿದ ಪ್ರಯೋಗ. ಡಿಸ್ಲೆಕ್ಸಿಯಾ ಇರುವ 18 ಮಂದಿ ಮಕ್ಕಳು ಮತ್ತು ಹದಿಹರೆಯದವರನ್ನು ಎರಡು ಗುಂಪು ಮಾಡಿದರು. ವಾರಕ್ಕೆ 3 ಸಲದಂತೆ 6 ವಾರ, ಸಲಕ್ಕೆ 20 ನಿಮಿಷ ಚಿಕಿತ್ಸೆ ನಡೆಯಿತು. ಜೊತೆಯಲ್ಲಿ ಎಲ್ಲರಿಗೂ ಅಭ್ಯಾಸಪಾಠ. ಒಂದು ಗುಂಪಿಗೆ ನಿಜವಾಗಿ 1 ಮಿಲಿ ಆಂಪಿಯರ್ ಪ್ರವಾಹ. ಇನ್ನೊಂದಕ್ಕೆ ಉಪಕರಣವನ್ನು ಕಟ್ಟಿ ಹುಸಿ ಚಿಕಿತ್ಸೆ. ಯಂತ್ರ ಕಟ್ಟಿದ್ದಾರೆಂಬ ಭರವಸೆಯಿಂದಲೇ ಮಗು ಉತ್ಸಾಹಗೊಂಡು ಚೆನ್ನಾಗಿ ಓದೀತು. ಆದುದರಿಂದ ವಿಜ್ಞಾನದಲ್ಲಿ ಇಂತಹ ಹೋಲಿಕೆ ಅನಿವಾರ್ಯ. ಫಲಿತಾಂಶವೇನು? ನಿಜವಾದ ಪ್ರವಾಹ ಪಡೆದ ಗುಂಪಿನವರು ಮಾತ್ರ ಅಪರೂಪದ ಪದಗಳಲ್ಲಿ ಮೊದಲಿಗಿಂತ ಕಡಿಮೆ ತಪ್ಪು ಮಾಡಿದರು. ಅರ್ಥವಿಲ್ಲದ ಕೃತಕ ಪದಗಳನ್ನು ಬೇಗನೆ ಓದಿದರು. ಈ ಸುಧಾರಣೆ ಒಂದು ತಿಂಗಳ ಬಳಿಕವೂ ಉಳಿದಿತ್ತು.

ಅದೇ ತಂಡದವರು ಅದೇ ವರ್ಷ ಪ್ರಕಟಿಸಿದ ಇನ್ನೊಂದು ಪ್ರಯೋಗ ಕಣ್ಣು ತೆರೆಸುವಂತಹದು. ಧನಾಗ್ರವನ್ನು ತಲೆಯ ಎಡಕ್ಕೂ ಋಣಾಗ್ರವನ್ನು ಬಲಕ್ಕೂ ಇಟ್ಟಾಗ ಪಾಠ ಓದುವಾಗಿನ ತಪ್ಪುಗಳು ಕಡಿಮೆಯಾದವು. ಅದಲುಬದಲು ಮಾಡಿದಾಗ ತಪ್ಪುಗಳು ಹೆಚ್ಚಿದವು! 2020ರಲ್ಲಿ ಜಿನೀವಾದ ವಿಜ್ಞಾನಿಗಳು ಡಿಸ್ಲೆಕ್ಸಿಯಾ ಇರುವ 15 ಮಂದಿ ವಯಸ್ಕರಿಗೆ ಸೆಕೆಂಡಿಗೆ 30 ಆವರ್ತನಗಳ ಪರ್ಯಾಯ ಪ್ರವಾಹವನ್ನು ನೀಡಿ ನೋಡಿದರು. ಅವರ ಧ್ವನಿಗ್ರಹಣವೂ ಓದಿನ ನಿಖರತೆಯೂ ಉತ್ತಮವಾದವು. ಆದರೆ ಮೊದಲೇ ಬಹಳ ಚೆನ್ನಾಗಿ ಓದುತ್ತಿದ್ದವರಿಗೆ ಅದೇ ಪ್ರವಾಹ ತುಸು ಅಡ್ಡಿಯನ್ನೇ ಉಂಟುಮಾಡಿತು. ಮದ್ದು ಮದ್ದಾಗುವುದು ಜಾಗ, ಪ್ರಮಾಣ, ವ್ಯಕ್ತಿ ಮೂರೂ ಕೂಡಿಬಂದಾಗ ಮಾತ್ರ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದರಿಂದ ನಾವು ತಿಳಿಯಬೇಕಾದುದೇನು? ಭರವಸೆಯ ಬೆಳಕು ಕಂಡಿದೆ, ನಿಜ. ಆದರೆ 18 ಮಂದಿಯ ಪ್ರಯೋಗದಿಂದ ಲೋಕಕ್ಕೆಲ್ಲ ಮದ್ದು ಸಿಕ್ಕಿತೆನ್ನಲಾಗದು. ಈ ಚಿಕಿತ್ಸೆ ಇನ್ನೂ ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿಲ್ಲ. ಮಂದಪ್ರವಾಹದಿಂದ ತುರಿಕೆ, ಜುಮ್ಮೆನ್ನುವಿಕೆ, ಚರ್ಮ ಕೆಂಪಾಗುವುದು ಇವೇ ಸಾಮಾನ್ಯ ತೊಂದರೆಗಳಾದರೂ, ಕಾಂತದ ವಿಧಾನದಿಂದ ಅಪರೂಪಕ್ಕೆ ಅಪಸ್ಮಾರದ ಸೆಳವು ಬರುವುದುಂಟು. ಮಕ್ಕಳ ಬುರುಡೆ ತೆಳುವಾದುದು, ಮೆದುಳು ಇನ್ನೂ ಬೆಳೆಯುತ್ತಿರುವುದು. ಹೊರದೇಶಗಳಲ್ಲಿ ಕೆಲವರು ಬ್ಯಾಟರಿಯನ್ನು ತಲೆಗೆ ಕಟ್ಟಿಕೊಂಡು ಮನೆಯಲ್ಲೇ ಪ್ರಯೋಗಕ್ಕಿಳಿದಾಗ, 2016ರಲ್ಲಿ ಈ ಕ್ಷೇತ್ರದ ಸಂಶೋಧಕರೇ ಬಹಿರಂಗ ಪತ್ರ ಬರೆದು ಅದರ ಅಪಾಯಗಳನ್ನು ತಿಳಿಸಬೇಕಾಯಿತು. ಬುದ್ಧಿ ಚುರುಕುಗೊಳಿಸುವ ಯಂತ್ರವೆಂದು ಯಾರಾದರೂ ಮಾರಲು ಬಂದರೆ ಹೆತ್ತವರು ಮರುಳಾಗಬಾರದು. ವಿದ್ಯಾರ್ಥಿಗಳು ಕುತೂಹಲಕ್ಕೂ ಇದನ್ನು ಮಾಡಿನೋಡಕೂಡದು.

ವಿದ್ಯುತ್ತು ಬರುವ ತನಕ ಕೈಕಟ್ಟಿ ಕುಳಿತಿರಬೇಕೆಂದಲ್ಲ. ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮವಾಗಿ, ನಿಧಾನವಾಗಿ, ಮತ್ತೆ ಮತ್ತೆ ಕಲಿಸುವುದೇ ಈ ಮಕ್ಕಳಿಗೆ ಇಂದಿಗೂ ನೆಚ್ಚಬಹುದಾದ ಉಪಾಯ. ಪದವನ್ನು ಚಪ್ಪಾಳೆ ತಟ್ಟಿ ಬಿಡಿಸುವುದು, ಅಕ್ಷರವನ್ನು ಮರಳಿನಲ್ಲಿ ಬೆರಳಿನಿಂದ ತಿದ್ದುತ್ತ ಗಟ್ಟಿಯಾಗಿ ಉಚ್ಚರಿಸುವುದು, ಒಂದು ಒತ್ತಕ್ಷರ ಕೈವಶವಾದ ಮೇಲೆಯೇ ಇನ್ನೊಂದಕ್ಕೆ ಹೋಗುವುದು ಇವಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಂತಹ ಕಲಿಕೆಯ ತೊಡಕನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ತಜ್ಞರ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮೊದಲಾದ ಸೌಲಭ್ಯಗಳನ್ನು ಕೇಳಿ ಪಡೆಯಬಹುದು. ಅದು ದಯೆಯಲ್ಲ, ಹಕ್ಕು.

ವಿಜ್ಞಾನವು ಈ ಮಕ್ಕಳಿಗೆ ಈಗಾಗಲೇ ಕೊಟ್ಟಿರುವ ದೊಡ್ಡ ಕೊಡುಗೆ ವಿದ್ಯುತ್ತಿನ ಚಿಕಿತ್ಸೆಯಲ್ಲ. ಇವರು ಸೋಮಾರಿಗಳಲ್ಲ, ದಡ್ಡರಲ್ಲ ಎಂಬ ನಿರ್ವಿವಾದ ಸಾಕ್ಷ್ಯ. ಒಂದು ಸಾಲನ್ನು ಓದಲು ನಾವು ಪಡುವ ಶ್ರಮದ ಎಷ್ಟೋ ಪಾಲು ಹೆಚ್ಚು ಶ್ರಮವನ್ನು ಅವರು ಪಡುತ್ತಿದ್ದಾರೆ. ಆದುದರಿಂದ ಸಹಪಾಠಿಯೊಬ್ಬ ತರಗತಿಯಲ್ಲಿ ಎದ್ದುನಿಂತು ಓದುತ್ತ ತಡವರಿಸಿದಾಗ ನಗದಿರೋಣ. ನಾವು ನಗದಿದ್ದರೆ ಅವನು ಮುಂದಿನ ಸಾಲನ್ನು ಓದಲು ಪ್ರಯತ್ನಿಸಿಯಾನು.